ಹಳೆಯ ಯಂತ್ರಕ್ಕೆ ದಿಕ್ಕು ಯಾರು?

2019ರ ಜುಲೈ ತಿಂಗಳಲ್ಲಿ ಲಿನಕ್ಸ್ ಕರ್ನಲ್‌ನ ಉಸ್ತುವಾರಿ ಪಟ್ಟಿಯಲ್ಲಿ ಫ್ಲಾಪಿ ಡ್ರೈವರ್‌ನ ಎದುರು 'ಆರ್ಫನ್' ಎಂಬ ಷರಾ ಬಿತ್ತು. ಈ ಕೋಡು ಅನಾಥ, ಇದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ಲೆಕ್ಕ. ಅಲ್ಲಿಯವರೆಗೆ ಅದನ್ನು ನೋಡಿಕೊಳ್ಳುತ್ತಿದ್ದ ಯಿರಿ ಕೊಸಿನಾ ಅವರ ಬಳಿ ಚಾಲೂ ಇರುವ ಫ್ಲಾಪಿ ಡ್ರೈವ್ ಉಳಿದಿರಲಿಲ್ಲ. ಯಂತ್ರವೇ ಇಲ್ಲದ ಮೇಲೆ ಕೋಡು ಸರಿಯಿದೆಯೋ ಇಲ್ಲವೋ ನೋಡುವುದು ಹೇಗೆ? ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕಾರಣವನ್ನು ಬಿಡಿಸಿಯೇ ಬರೆದರು: ಕೆಲಸ ಮಾಡುವ ಅಸಲಿ ಫ್ಲಾಪಿ ಡ್ರೈವ್ ಸಿಗುವುದೇ ಕಷ್ಟವಾಗಿದೆ, ಅಂಗಡಿಯಲ್ಲಿ ಈಗ ಸಿಗುವುದು ಯುಎಸ್‌ಬಿ ಮಾದರಿ, ಅದಕ್ಕೆ ಈ ಡ್ರೈವರ್ ಬೇಡ. ಆದರೂ ವರ್ಚುವಲ್ ಯಂತ್ರಗಳಲ್ಲಿ ಹಳೆಯ ಫ್ಲಾಪಿಯ ನಕಲು ಇನ್ನೂ ಬಳಕೆಯಲ್ಲಿರುವುದರಿಂದ ಕೋಡನ್ನು ಕಿತ್ತುಹಾಕಲಿಲ್ಲ. ಯಾರಾದರೂ ಮುಂದೆ ಬಂದು ವಹಿಸಿಕೊಳ್ಳುತ್ತಾರೇನೋ ನೋಡೋಣ ಎಂದು ಬಿಟ್ಟರು.

ಒಬ್ಬರು ಬಂದರು. ಡೆನಿಸ್ ಎಫ್ರೆಮೊವ್ ಎಂಬ ಪ್ರೋಗ್ರಾಮರ್ ಅದೇ ಡ್ರೈವರ್‌ನಲ್ಲಿದ್ದ ಭದ್ರತಾ ದೋಷಗಳನ್ನು ಹುಡುಕಿ ಸರಿಪಡಿಸಿದ್ದರು. ಸಾಮಾನ್ಯ ಬಳಕೆದಾರನೊಬ್ಬ ಕರ್ನಲ್‌ನ ಸ್ಮೃತಿಯಲ್ಲಿ ಓದಬಾರದ ಜಾಗವನ್ನು ಓದಿಬಿಡಲು ಅವಕಾಶ ಕೊಡುವಂಥ ದೋಷಗಳವು. ಆ ವರ್ಷವೇ ಡ್ರೈವರ್‌ನ ಉಸ್ತುವಾರಿಯನ್ನೂ ಅವರು ವಹಿಸಿಕೊಂಡರು. ಪಟ್ಟಿಯಲ್ಲಿ ಮತ್ತೆ ಒಂದು ಹೆಸರು ಬಂತು, ಫ್ಲಾಪಿ ಬದುಕಿಕೊಂಡಿತು.

ಹಳೆಯ ಯಂತ್ರಾಂಶಕ್ಕೆ ಲಿನಕ್ಸ್ ಬೆಂಬಲ ನಿಲ್ಲಿಸಿತು ಎಂಬ ಸುದ್ದಿ ಬಂದಾಗಲೆಲ್ಲ ಅದನ್ನು ವಯಸ್ಸಿನ ಪ್ರಶ್ನೆಯಾಗಿಯೇ ನೋಡುತ್ತೇವೆ. ಹಳತಾಯಿತು, ಆದ್ದರಿಂದ ತೆಗೆದರು. ಕರ್ನಲ್‌ನ ಮೂವತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವನ್ನು ಹತ್ತಿರದಿಂದ ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ. ಒಂದು ಯಂತ್ರ ಕರ್ನಲ್‌ನಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಅದು ಹುಟ್ಟಿದ ವರ್ಷದ ಮೇಲೆ ನಿಂತಿಲ್ಲ. ಆ ಯಂತ್ರವನ್ನು ಮೇಜಿನ ಮೇಲಿಟ್ಟುಕೊಂಡು, ಹೊಸ ಕರ್ನಲ್ ಬಂದಾಗ ಹಾಕಿ ನೋಡಿ, ಕೆಟ್ಟರೆ ದುರಸ್ತಿ ಮಾಡುವ ಒಬ್ಬ ಮನುಷ್ಯ ಇದ್ದಾನೆಯೇ ಎಂಬುದರ ಮೇಲೆ ನಿಂತಿದೆ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲವನ್ನೂ ನೇರವಾಗಿ ಮುಟ್ಟಿ ಮಾತಾಡಿಸುವುದು ಅದೊಂದೇ. ಉಳಿದ ತಂತ್ರಾಂಶಗಳೆಲ್ಲ ತಮಗೆ ಬೇಕಾದ್ದನ್ನು ಅದರ ಬಳಿ ಕೇಳಿ ಪಡೆಯಬೇಕು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿರುವುದು ಲಿನಕ್ಸ್ ಕರ್ನಲ್. ಜಗತ್ತಿನ ಅತಿವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಈಚೆಗೆ ಲಿನಕ್ಸ್ ಇಲ್ಲದ ಯಂತ್ರವೇ ಇಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯೊಬ್ಬ ಬರೆದ ಸುಮಾರು ಹತ್ತು ಸಾವಿರ ಸಾಲುಗಳು 2025ರ ಹೊತ್ತಿಗೆ ನಾಲ್ಕು ಕೋಟಿ ಸಾಲುಗಳಾಗಿವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡ್ರೈವರ್‌ಗಳದು, ಅಂದರೆ ಬೇರೆ ಬೇರೆ ಯಂತ್ರಾಂಶಗಳ ಜೊತೆ ಮಾತಾಡುವ ಕೋಡಿನದು.

ಈ ರಾಶಿಯೊಳಗೆ 'ಮೇಂಟೇನರ್ಸ್' ಎಂಬ ಒಂದು ಕಡತ ಇದೆ. ನನ್ನ ಮಟ್ಟಿಗೆ ಇಡೀ ಕರ್ನಲ್‌ನಲ್ಲಿ ಅತ್ಯಂತ ಮಾನವೀಯವಾದ ದಾಖಲೆ ಅದು. ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಹೆಸರು ಸಮೇತ ಅಲ್ಲಿ ಬರೆದಿದೆ. ಪ್ರತಿ ಭಾಗಕ್ಕೂ ಒಂದು ಸ್ಥಿತಿ ನಮೂದಾಗಿರುತ್ತದೆ. 'ಸಪೋರ್ಟೆಡ್' ಎಂದಿದ್ದರೆ ಅದನ್ನು ನೋಡಿಕೊಳ್ಳಲು ಯಾರಿಗೋ ಸಂಬಳ ಸಿಗುತ್ತಿದೆ. 'ಮೇಂಟೇನ್ಡ್' ಎಂದರೆ ಸಂಬಳವಿರಲಿ ಬಿಡಲಿ ನೋಡಿಕೊಳ್ಳುವವರಿದ್ದಾರೆ. 'ಆಡ್ ಫಿಕ್ಸಸ್' ಎಂದರೆ ಬಿಡುವಿದ್ದಾಗ ಅಷ್ಟಿಷ್ಟು ತೇಪೆ ಹಾಕುವವರಿದ್ದಾರೆ. ಅದಾದ ಮೇಲೆ 'ಆರ್ಫನ್', ಕೊನೆಗೆ 'ಆಬ್ಸಲೀಟ್'. ಒಂದು ಪ್ರೊಸೆಸರ್ ಈ ಮೆಟ್ಟಿಲುಗಳನ್ನು ಇಳಿಯುತ್ತಾ ಹೋಗುವುದನ್ನು ವರ್ಷಾನುವರ್ಷದ ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣಬಹುದು.

ಇಂಟೆಲ್ 386ರ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. 1985ರಲ್ಲಿ ಬಂದ ಚಿಪ್ ಅದು. ಟೊರ್ವಾಲ್ಡ್ಸ್ 1991ರಲ್ಲಿ ಕರ್ನಲ್ ಬರೆದದ್ದು 386 ಯಂತ್ರದ ಮೇಲೆ, ಅದಕ್ಕೆಂದೇ. ಬೇರೆ ಯಂತ್ರಕ್ಕೆ ಒಯ್ಯಲು ಬಹುಶಃ ಆಗುವುದಿಲ್ಲ ಎಂದು ಆಗ ಅವರೇ ತಿಳಿದಿದ್ದರು. 2012ರ ಡಿಸೆಂಬರ್‌ನಲ್ಲಿ ಇಂಗೊ ಮೋಲ್ನಾರ್ ಎಂಬ ಹಿರಿಯ ಪ್ರೋಗ್ರಾಮರ್ 386ರ ಬೆಂಬಲವನ್ನು ತೆಗೆಯುವ ಪ್ಯಾಚ್‌ಗಳನ್ನು, ಅಂದರೆ ಕೋಡಿನ ತಿದ್ದುಪಡಿಗಳನ್ನು, ಕಳಿಸುತ್ತಾ, ನಿಮ್ಮ ಆ ಮೊದಲ ಯಂತ್ರ ಇನ್ನು ಹೊಸ ಕರ್ನಲ್‌ನಲ್ಲಿ ಬೂಟ್ ಆಗುವುದಿಲ್ಲ ಎಂದು ಬೇಸರದಿಂದಲೇ ನೆನಪಿಸಿದರು. ತನಗೆ ಅಂಥ ಭಾವುಕತೆಯೇನೂ ಇಲ್ಲ, ಹೋಗಲಿ ಎಂದು ಟೊರ್ವಾಲ್ಡ್ಸ್ ಅದನ್ನು ಸ್ವೀಕರಿಸಿಬಿಟ್ಟರು. 2013ರ ಫೆಬ್ರುವರಿಯಲ್ಲಿ ಬಂದ 3.8ನೇ ಆವೃತ್ತಿಯಿಂದ 386 ಹೊರಗುಳಿಯಿತು.

ತೆಗೆದ ಸಾಲುಗಳ ಸಂಖ್ಯೆ ದೊಡ್ಡದಿರಲಿಲ್ಲ. ತೊಂದರೆ ಇದ್ದದ್ದು ಆ ಸಾಲುಗಳು ಎಲ್ಲೆಲ್ಲಿ ಹರಡಿಕೊಂಡಿದ್ದವು ಎಂಬುದರಲ್ಲಿ. ಇಂದಿನ ಯಾವುದೇ ಆಪರೇಟಿಂಗ್ ಸಿಸ್ಟಮ್ ಒಂದೇ ಮೆಮೊರಿ ಪುಟವನ್ನು ಎರಡು ಪ್ರೋಗ್ರಾಮುಗಳಿಗೆ ಹಂಚುವಾಗ ಅದಕ್ಕೆ 'ಓದಲು ಮಾತ್ರ' ಎಂಬ ಮುದ್ರೆ ಹಾಕುತ್ತದೆ. ಯಾರಾದರೂ ಬರೆಯಲು ಹೋದರೆ ಪ್ರೊಸೆಸರ್ ತಡೆದು ನಿಲ್ಲಿಸುತ್ತದೆ, ಆಗ ಕರ್ನಲ್ ಆ ಪುಟದ ಪ್ರತಿಯೊಂದನ್ನು ಮಾಡಿಕೊಡುತ್ತದೆ. 386ರಲ್ಲಿ ಒಂದು ಕೊರತೆ ಇತ್ತು. ಬರೆಯುತ್ತಿರುವುದು ಸ್ವತಃ ಕರ್ನಲ್ ಆಗಿದ್ದರೆ ಆ ಚಿಪ್ ಈ ಮುದ್ರೆಯನ್ನು ಲೆಕ್ಕಿಸುತ್ತಲೇ ಇರಲಿಲ್ಲ. ಹಾಗಾಗಿ ಬರೆಯುವ ಮುಂಚೆ ಪ್ರತಿ ಸಲವೂ ಕರ್ನಲ್ ತಾನೇ ಕೈಯಾರೆ ತಪಾಸಣೆ ಮಾಡಿಕೊಳ್ಳಬೇಕಿತ್ತು. ತಪಾಸಣೆ ಮುಗಿಸಿ ಬರೆಯುವಷ್ಟರ ನಡುವೆ ಬೇರೊಂದು ಪ್ರೋಗ್ರಾಮು ಆ ಪುಟವನ್ನೇ ಬದಲಿಸಿಬಿಟ್ಟರೆ? ಆ ಸಂದಿಯಲ್ಲಿ ತಪ್ಪುಗಳು ನುಸುಳುತ್ತವೆ, ಕಳ್ಳರೂ ನುಸುಳುತ್ತಾರೆ.

ಇನ್ನೊಂದು ಕೊರತೆಯೂ ಇತ್ತು. ಒಂದು ಮೌಲ್ಯವನ್ನು ಓದಿ, ಅದು ನಿರೀಕ್ಷಿಸಿದ್ದೇ ಆಗಿದ್ದರೆ ಮಾತ್ರ ಹೊಸದನ್ನು ಬರೆಯುವ ಕೆಲಸವನ್ನು ನಡುವೆ ಯಾರೂ ಕೈ ಹಾಕದಂತೆ ಒಂದೇ ಏಟಿಗೆ ಮುಗಿಸುವ ಆದೇಶ ಇಂಟೆಲ್ ಚಿಪ್‌ಗಳಲ್ಲಿ ಬಂದದ್ದು 486ರಲ್ಲಿ. ಹತ್ತಾರು ಕೋರ್‌ಗಳು ಏಕಕಾಲಕ್ಕೆ ಓಡುವ ಇಂದಿನ ಯಂತ್ರಗಳಲ್ಲಿ ಕರ್ನಲ್‌ನ ಬೀಗ, ಎಣಿಕೆ, ಸರತಿ ಎಲ್ಲವೂ ಈ ಒಂದು ಆದೇಶದ ಮೇಲೆ ನಿಂತಿವೆ. 386ರಲ್ಲಿ ಅದಿಲ್ಲದ ಕಾರಣ, ಬಾಹ್ಯ ಸಾಧನಗಳ ಕರೆಗಳನ್ನೆಲ್ಲ ಕ್ಷಣಕಾಲ ತಡೆಹಿಡಿದು ಆ ಕೆಲಸವನ್ನು ಬಿಡಿಬಿಡಿಯಾಗಿ ಮಾಡಬೇಕಿತ್ತು. 1985ರ ಚಿಪ್‌ನ ಒಂದು ಕೊರತೆ 2012ರ ಸರ್ವರ್‌ಗೆ ಕೋಡ್ ಬರೆಯುವವನ ಕೈ ಕಟ್ಟುತ್ತಿತ್ತು.

ಹಾಗಾದರೆ 386ರ ಕೋಡು ನನ್ನ ಲ್ಯಾಪ್‌ಟಾಪನ್ನು ನಿಧಾನ ಮಾಡುತ್ತಿತ್ತೇ ಎಂದು ಕೇಳಬಹುದು. ಇಲ್ಲ. ಕರ್ನಲ್ ಕಟ್ಟುವಾಗ ಬೇಕಾದ ಭಾಗಗಳನ್ನಷ್ಟೇ ಆರಿಸಿ ಕಟ್ಟುತ್ತಾರೆ. ನಿಮ್ಮ ಯಂತ್ರದೊಳಗೆ ಅಮಿಗಾ ಎಂಬ ಹಳೆಯ ಕಂಪ್ಯೂಟರಿನ ಕೋಡೂ ಇಲ್ಲ, 386ರ ಕೋಡೂ ಇಲ್ಲ. ಹೊರೆ ಬೀಳುವುದು ಕರ್ನಲ್ ಬರೆಯುವವರ ಮೇಲೆ. ದೊಡ್ಡ ಹಳೆಯ ಮನೆಯ ವೈರಿಂಗನ್ನು ಪೂರ್ತಿ ಬದಲಿಸಲು ಹೊರಟಾಗ, ವರ್ಷಗಳಿಂದ ಬೀಗ ಹಾಕಿಟ್ಟ ಕೋಣೆಗೂ ತಂತಿ ಎಳೆಯಲೇಬೇಕಾಗುತ್ತದೆ, ಕೀಲಿ ಯಾರ ಬಳಿ ಇದೆ ಎಂದು ಗೊತ್ತಿಲ್ಲದಿದ್ದರೂ. ಕರ್ನಲ್‌ನಲ್ಲಿ ಇಂಥ ವೈರಿಂಗ್ ಕೆಲಸ ನಿಲ್ಲುವುದೇ ಇಲ್ಲ. 32 ಬಿಟ್‌ಗಳಲ್ಲಿ ಸೆಕೆಂಡುಗಳನ್ನು ಎಣಿಸುವ ಹಳೆಯ ಗಡಿಯಾರ 2038ರ ಜನವರಿ 19ರಂದು ತುಂಬಿ ತುಳುಕಿ ಹಿಂದಕ್ಕೆ ಜಾರುತ್ತದೆ. ಅದನ್ನು 64 ಬಿಟ್‌ಗೆ ಬದಲಿಸುವ ಕೆಲಸ ವರ್ಷಗಟ್ಟಲೆ ನಡೆದು 2020ರ 5.6ನೇ ಆವೃತ್ತಿಯ ಹೊತ್ತಿಗೆ ಒಂದು ಘಟ್ಟ ತಲುಪಿತು. ಆ ಕೆಲಸವನ್ನು ಮುನ್ನಡೆಸಿದವರು ಆರ್ನ್ಡ್ ಬರ್ಗ್‌ಮನ್. ಸಮಯವನ್ನು ಮುಟ್ಟುವ ಪ್ರತಿ ಡ್ರೈವರ್, ಪ್ರತಿ ಕಡತ ವ್ಯವಸ್ಥೆ, ಪ್ರತಿ ಪ್ರೊಸೆಸರ್ ಕುಟುಂಬದ ಕೋಡನ್ನು ಬಿಚ್ಚಿ ನೋಡಬೇಕಾಯಿತು. ಹಳೆಯ ಯಂತ್ರಗಳ ಬೆಂಬಲ ತೆಗೆಯುವ ದೊಡ್ಡ ದೊಡ್ಡ ಪ್ಯಾಚ್‌ಗಳಲ್ಲಿ ಹೆಚ್ಚಿನವು ಇದೇ ಬರ್ಗ್‌ಮನ್ ಅವರ ಹೆಸರಿನಲ್ಲಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಎಲ್ಲ ಕೋಣೆಗಳಿಗೂ ಹೋಗಿ ಬಂದವರಿಗೆ ಯಾವುದು ಖಾಲಿ ಎಂದು ಗೊತ್ತಿರುತ್ತದೆ.

ಅವರು 2018ರಲ್ಲಿ ಮಾಡಿದ ಕೆಲಸವೊಂದಕ್ಕೆ ಮಂಗಳೂರಿನ ನಂಟಿದೆ. ಆ ವರ್ಷದ ಜೂನ್‌ನಲ್ಲಿ ಬಂದ 4.17ನೇ ಆವೃತ್ತಿಯಲ್ಲಿ ಒಮ್ಮೆಲೇ ಎಂಟು ಪ್ರೊಸೆಸರ್ ಕುಟುಂಬಗಳು ಹೊರಬಿದ್ದವು. ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿ ಸಾಲುಗಳು ಹೋದವು. ಅನಲಾಗ್ ಡಿವೈಸಸ್ ಕಂಪನಿಯ ಬ್ಲ್ಯಾಕ್‌ಫಿನ್, ಸ್ವೀಡನ್ನಿನ ಆಕ್ಸಿಸ್ ತನ್ನ ನೆಟ್‌ವರ್ಕ್ ಕ್ಯಾಮೆರಾಗಳಿಗೆ ಬಳಸಿದ ಕ್ರಿಸ್ ಆ ಎಂಟರಲ್ಲಿದ್ದವು. ಇನ್ನೊಂದರ ಹೆಸರು ಟೈಲ್. ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ಓದಿ, ಐಐಟಿ ಮದ್ರಾಸಿನ ಮೂಲಕ ಅಮೆರಿಕಕ್ಕೆ ಹೋಗಿ ಎಂಐಟಿಯಲ್ಲಿ ಪ್ರಾಧ್ಯಾಪಕರಾದ ಅನಂತ್ ಅಗರ್‌ವಾಲ್ ಅವರನ್ನು ನಾವು ಹೆಚ್ಚಾಗಿ ಬಲ್ಲದ್ದು ಎಡೆಕ್ಸ್ ಎಂಬ ಆನ್‌ಲೈನ್ ಶಿಕ್ಷಣ ಸಂಸ್ಥೆಯ ಸ್ಥಾಪಕರೆಂದು. ಅದಕ್ಕೂ ಮುಂಚೆ 2004ರಲ್ಲಿ ಅವರು ಟಿಲೆರಾ ಎಂಬ ಚಿಪ್ ಕಂಪನಿಯನ್ನು ಹುಟ್ಟುಹಾಕಿದ್ದರು. 2007ರಲ್ಲಿ ಅದು ಹೊರತಂದ ಚಿಪ್‌ನಲ್ಲಿ 64 ಕೋರ್‌ಗಳು ಚೌಕಳಿಯಂತೆ ಜೋಡಿಸಿಕೊಂಡು ಅಕ್ಕಪಕ್ಕದವುಗಳೊಡನೆ ನೇರವಾಗಿ ಮಾತಾಡುತ್ತಿದ್ದವು. ಮನೆಯ ಕಂಪ್ಯೂಟರುಗಳಲ್ಲಿ ಎರಡು ನಾಲ್ಕು ಕೋರ್‌ಗಳೇ ದೊಡ್ಡದೆನಿಸಿದ್ದ ಕಾಲ ಅದು. 2010ರಲ್ಲಿ ಟೈಲ್ ಕರ್ನಲ್‌ನ ಒಳಗೆ ಬಂತು. 2014ರಲ್ಲಿ ಟಿಲೆರಾವನ್ನು ಈಝೆಡ್‌ಚಿಪ್ ಕೊಂಡಿತು, 2016ರಲ್ಲಿ ಈಝೆಡ್‌ಚಿಪ್ಪನ್ನು ಮೆಲನಾಕ್ಸ್ ಕೊಂಡಿತು. ಹೊಸ ಯಜಮಾನರಿಗೆ ಬೇಕಿದ್ದದ್ದು ಆರ್ಮ್ ಕೋರ್‌ಗಳು. ಟೈಲ್ ಅನ್ನು ನೋಡಿಕೊಳ್ಳಲು ಸಂಬಳ ಕೊಡುವವರು ಇಲ್ಲವಾದರು. ಬಂದ ಎಂಟು ವರ್ಷದೊಳಗೆ ಅದು ಹೊರಗೆ ಹೋಯಿತು.

ಈ ಎಂಟೂ ಚಿಪ್‌ಗಳು ಕೆಟ್ಟವಾಗಿದ್ದವೆಂದಲ್ಲ. ಬರ್ಗ್‌ಮನ್ ಆಗಲೇ ಗುರುತಿಸಿದಂತೆ ಪ್ರತಿಯೊಂದರ ಹಿಂದೆಯೂ ಇದ್ದದ್ದು ಒಂದೇ ಒಂದು ಕಂಪನಿ. ಪ್ರೊಸೆಸರ್‌ನ ವಿನ್ಯಾಸ, ಉತ್ಪನ್ನ, ತಂತ್ರಾಂಶ ಮೂರನ್ನೂ ಆ ಕಂಪನಿಯೇ ಹೊತ್ತಿತ್ತು. ಬೇರೆಯವರಿಂದ ಕೋರ್ ಖರೀದಿಸುವುದೇ ಅಗ್ಗ ಎಂದು ಲೆಕ್ಕ ಹಾಕಿದ ದಿನ ಕಂಪನಿ ಕೈಬಿಟ್ಟಿತು. ಹೊರಗೆ ಅದನ್ನು ಹಚ್ಚಿಕೊಂಡವರು ಯಾರೂ ಇರಲಿಲ್ಲ.

ಇಟೇನಿಯಮ್‌ಗೆ ಆದದ್ದೂ ಇದೇ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಇಂಟೆಲ್ ಮತ್ತು ಎಚ್‌ಪಿ ಎರಡೂ ಸೇರಿ ಕಟ್ಟಿ 2001ರಲ್ಲಿ ಮಾರುಕಟ್ಟೆಗೆ ತಂದ ಈ ಚಿಪ್ ಮುಂದಿನ ಯುಗದ ಸರ್ವರ್ ಎಂದೇ ಪ್ರಚಾರ ಪಡೆದಿತ್ತು. ಯಾವ ಆದೇಶಗಳನ್ನು ಒಟ್ಟಿಗೆ ಓಡಿಸಬಹುದು ಎಂದು ಚಿಪ್ ತೀರ್ಮಾನಿಸುವ ಬದಲು ಕಂಪೈಲರ್ ಮೊದಲೇ ತೀರ್ಮಾನಿಸಲಿ ಎಂಬುದು ಅದರ ತತ್ವ. ಕಾಗದದ ಮೇಲೆ ಚೆಂದವಾಗಿದ್ದದ್ದು ಕೆಲಸದಲ್ಲಿ ಕೈಕೊಟ್ಟಿತು. ಎಎಮ್‌ಡಿ ಹಳೆಯ ಇಂಟೆಲ್ ಆದೇಶಗಳನ್ನೇ 64 ಬಿಟ್‌ಗೆ ಹಿಗ್ಗಿಸಿ 2003ರಲ್ಲಿ ತಂದ ಚಿಪ್‌ಗಳ ಕಡೆಗೆ ಜಗತ್ತು ವಾಲಿತು. ಇಂಟೆಲ್ 2021ರ ಜುಲೈನಲ್ಲಿ ಕೊನೆಯ ಇಟೇನಿಯಮ್‌ಗಳನ್ನು ಕಳಿಸಿಕೊಟ್ಟಿತು. ಕರ್ನಲ್‌ನಲ್ಲಿ ಅದು ಆ ವರ್ಷದ ಆರಂಭದಲ್ಲಿಯೇ 'ಆರ್ಫನ್' ಆಗಿತ್ತು.

ಅಂತಿಮ ಒತ್ತಡ ಬಂದದ್ದು ಯಾರೂ ಎಣಿಸದ ಕಡೆಯಿಂದ. ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ಇಎಫ್‌ಐ ಎಂಬ ವ್ಯವಸ್ಥೆ ಇಂದು ಬಹುತೇಕ ಎಲ್ಲ ಲ್ಯಾಪ್‌ಟಾಪುಗಳಲ್ಲೂ ಇದೆ. ಅದು ಮೊದಲು ಹುಟ್ಟಿದ್ದು ಇಟೇನಿಯಮ್‌ಗಾಗಿಯೇ. ಲಿನಕ್ಸ್‌ನಲ್ಲಿ ಇಎಫ್‌ಐ ಕೋಡನ್ನು ನೋಡಿಕೊಳ್ಳುವ ಆರ್ಡ್ ಬೀಶೂವೆಲ್ ಅವರು ಏನೇ ಬದಲಿಸಿದರೂ ಇಟೇನಿಯಮ್ ಕೆಡುತ್ತದೋ ಎಂದು ಯೋಚಿಸಬೇಕಿತ್ತು. ಪರೀಕ್ಷಿಸಲು ಅವರ ಬಳಿ ಯಂತ್ರವಿರಲಿಲ್ಲ, ಇದ್ದವರೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಸುಮಾರು 65 ಸಾವಿರ ಸಾಲುಗಳ ಇಟೇನಿಯಮ್ ಕೋಡನ್ನು ತೆಗೆಯುವ ಪ್ಯಾಚ್ ಬರೆದವರು ಅವರೇ. 2024ರ ಜನವರಿಯಲ್ಲಿ ಬಂದ 6.7ನೇ ಆವೃತ್ತಿಯಲ್ಲಿ ಇಟೇನಿಯಮ್ ಇಲ್ಲ.

ಇಲ್ಲಿಂದ ಕಣ್ಣನ್ನು ಮೊಟೊರೊಲಾ 68000 ಕುಟುಂಬದ ಕಡೆಗೆ ಹೊರಳಿಸಿ. ಅದರ ಮೊದಲ ಚಿಪ್ ಬಂದದ್ದು 1979ರಲ್ಲಿ. ಅಮಿಗಾ, ಅಟಾರಿ, ಹಳೆಯ ಮ್ಯಾಕಿಂಟೋಷ್‌ಗಳಲ್ಲಿ ಇದ್ದದ್ದು ಈ ಕುಟುಂಬವೇ. ಆ ಯಂತ್ರಗಳ ಕಂಪನಿಗಳಲ್ಲಿ ಕಮೊಡೋರ್ 1994ರಲ್ಲೇ ದಿವಾಳಿಯಾಯಿತು. ಇಟೇನಿಯಮ್‌ಗಿಂತ ಇಪ್ಪತ್ತು ವರ್ಷ ಹಿರಿದಾದ ಈ ಕುಟುಂಬ ಇಟೇನಿಯಮ್ ಹೋದ ಮೇಲೂ ಕರ್ನಲ್‌ನಲ್ಲಿ ಕೂತಿತ್ತು. ಬೆಲ್ಜಿಯಂನ ಖೇರ್ಟ್ ಔಟರ್‌ಹೋವನ್ ಅದನ್ನು ದಶಕಗಳಿಂದ ನೋಡಿಕೊಂಡು ಬಂದಿದ್ದಾರೆ. ಪ್ರತಿ ಹೊಸ ಆವೃತ್ತಿಗೂ ಬೇಕಾದ ಬದಲಾವಣೆಗಳನ್ನು ಅವರೂ ಅವರ ಜೊತೆಗಿರುವ ಸಣ್ಣ ಬಳಗವೂ ಸಮಯಕ್ಕೆ ಸರಿಯಾಗಿ ಮಾಡಿಕೊಡುತ್ತಾರೆ. ಅದರಿಂದ ಯಾರ ಕೈಯೂ ಕಟ್ಟಿಹೋಗುವುದಿಲ್ಲ, ಹಾಗಾಗಿ ತೆಗೆಯಿರಿ ಎಂದು ಯಾರೂ ಹಟ ಹಿಡಿಯುವುದಿಲ್ಲ. ಅಷ್ಟೇ ಏಕೆ, 1996ರ ಆಟದ ಯಂತ್ರ ನಿಂಟೆಂಡೊ 64ಕ್ಕೆ ಬೆಂಬಲ ಕರ್ನಲ್‌ಗೆ ಹೊಸದಾಗಿ ಸೇರಿದ್ದು 2021ರಲ್ಲಿ! ಅದರ ಮೂಲ ಮೆಮೊರಿ ನಾಲ್ಕು ಎಂಬಿ. ಲೌರಿ ಕಸಾನೆನ್ ಎಂಬವರು ಕೂತು ಬರೆದರು, ಕೋಡು ಅಚ್ಚುಕಟ್ಟಾಗಿತ್ತು, ಒಳಗೆ ಬಂತು.

ಒಂದು ಯಂತ್ರವನ್ನು ಯಾರೂ ಬಳಸುತ್ತಿಲ್ಲ ಎಂದು ತಿಳಿಯುವುದು ಹೇಗೆ ಎಂಬುದು ಈ ಕೆಲಸದ ಅತ್ಯಂತ ಕಠಿಣ ಪ್ರಶ್ನೆ. ಲಿನಕ್ಸ್ ಕರ್ನಲ್ ತನ್ನ ಬಳಕೆದಾರರ ಮೇಲೆ ಕಣ್ಣಿಡುವುದಿಲ್ಲ, ಯಾವ ಊರಿನ ಯಾವ ಯಂತ್ರದಲ್ಲಿ ಓಡುತ್ತಿದ್ದೇನೆ ಎಂದು ಯಾರಿಗೂ ವರದಿ ಕಳಿಸುವುದಿಲ್ಲ. ಅದು ಒಳ್ಳೆಯದೇ. ಆದರೆ ಅದರಿಂದಾಗಿ ಮೌನಕ್ಕೆ ಎರಡು ಕಾರಣಗಳಿರುತ್ತವೆ. ಯಾರೂ ಬಳಸುತ್ತಿಲ್ಲದಿರಬಹುದು, ಅಥವಾ ಬಳಸುವವರು ಹಳೆಯ ಕರ್ನಲ್‌ನಲ್ಲೇ ನೆಮ್ಮದಿಯಾಗಿದ್ದು ಹೊಸದರ ಗೊಡವೆಗೇ ಬಂದಿಲ್ಲದಿರಬಹುದು. ಕಾರ್ಖಾನೆಯ ಮೂಲೆಯಲ್ಲಿ ಹದಿನೈದು ವರ್ಷದಿಂದ ಓಡುತ್ತಿರುವ ನಿಯಂತ್ರಕದ ಆಪರೇಟರ್‌ಗೆ ಕರ್ನಲ್ ಎಂಬ ಪದವೇ ಗೊತ್ತಿರಬೇಕಿಲ್ಲ.

ಅದಕ್ಕೇ ಕರ್ನಲ್ ಬಳಗ ತೆಗೆಯುವ ಮುಂಚೆ ಸಮಯ ಕೊಡುತ್ತದೆ. 2022ರಲ್ಲಿ ಹಳೆಯ ಆರ್ಮ್ ಬೋರ್ಡುಗಳ ಒಂದು ದೊಡ್ಡ ಗುಂಪಿಗೆ 'ಬಳಕೆಯಲ್ಲಿಲ್ಲ' ಎಂಬ ಗುರುತು ಹಾಕಿ, ಆಕ್ಷೇಪಣೆ ಬಾರದಿದ್ದರೆ ಮುಂದಿನ ವರ್ಷ ತೆಗೆಯುತ್ತೇವೆ ಎಂದು ಬರೆದರು. ಕೆಲವು ಬೋರ್ಡುಗಳಿಗೆ ವಾರಸುದಾರರು ಸಿಕ್ಕರು, ಅವು ಉಳಿದವು. ಮಿಕ್ಕವನ್ನು 2023ರ 6.3ನೇ ಆವೃತ್ತಿಯಲ್ಲಿ ತೆಗೆದರು. ಆಗ ಸ್ಟ್ರಾಂಗ್‌ಆರ್ಮ್ ಎಂಬ ಹಳೆಯ ಚಿಪ್ ಆಧರಿಸಿದ ಬೋರ್ಡುಗಳಲ್ಲಿ ಹೆಚ್ಚಿನವು ಹೋಗಿ ನಾಲ್ಕು ಮಾತ್ರ ಉಳಿದುಕೊಂಡವು. ಬೆಂಗಳೂರಿನವರಿಗೆ ಆ ಚಿಪ್ ಪರಕೀಯವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್‌ನ ಹೃದಯ ಇದೇ ಸ್ಟ್ರಾಂಗ್‌ಆರ್ಮ್, ಅದರಲ್ಲಿ ಓಡುತ್ತಿದ್ದದ್ದು ಇದೇ ಲಿನಕ್ಸ್. ಅಕ್ಷರ ಬಾರದವರಿಗೂ ಕನ್ನಡದಲ್ಲಿ ಓದಿ ಹೇಳಬಲ್ಲ ಕೈಗಾತ್ರದ ಕಂಪ್ಯೂಟರ್ ಅಗ್ಗದಲ್ಲಿ ಸಿಗಬೇಕೆಂಬ ಆಸೆಯಿಂದ ಹುಟ್ಟಿದ ಯಂತ್ರ ಅದು. 2004ರಲ್ಲಿ ಬಿಇಎಲ್ ಅದನ್ನು ಅಮಿಡಾ ಹೆಸರಿನಲ್ಲಿ ತಯಾರಿಸಿತು, ಮಾರುಕಟ್ಟೆ ಕೈಹಿಡಿಯಲಿಲ್ಲ. ಕಪಾಟಿನಲ್ಲಿ ಒಂದು ಸಿಂಪ್ಯೂಟರ್ ಇಟ್ಟುಕೊಂಡವರು ಈ ಊರಿನಲ್ಲಿ ಇನ್ನೂ ಇದ್ದಾರು. ಅದರ ಕೋಡನ್ನು ಇಂದಿನ ಕರ್ನಲ್‌ಗೆ ಹೊಂದಿಸಿ ಓಡಿಸಿ ತೋರಿಸುವವರೊಬ್ಬರು ಅವರಲ್ಲಿ ಹುಟ್ಟಿಕೊಂಡರೆ ನನಗೆ ತುಂಬ ಸಂತೋಷವಾಗುತ್ತದೆ.

ತೆಗೆದದ್ದು ಮರಳಿ ಬಂದ ಉದಾಹರಣೆಗಳೂ ಇವೆ. ಜಪಾನಿನ ಎಚ್8/300 ಎಂಬ ಪುಟ್ಟ ಪ್ರೊಸೆಸರ್ 2014ರಲ್ಲಿ ಕರ್ನಲ್‌ನಿಂದ ಹೋಯಿತು. ಅದರ ಹಳೆಯ ಉಸ್ತುವಾರಿ ಯೊಷಿನೊರಿ ಸಾಟೊ ಕೋಡನ್ನು ಹೊಸದಾಗಿ ಸಜ್ಜುಗೊಳಿಸಿ ತಂದರು, 2015ರಲ್ಲಿ ಮತ್ತೆ ಸೇರಿತು. ಆಮೇಲೆ ಮತ್ತೆ ನಿಗಾ ತಪ್ಪಿ 2022ರಲ್ಲಿ ಎರಡನೇ ಸಲ ಹೊರಟುಹೋಯಿತು. ಇನ್ನೊಂದು ಪ್ರಸಂಗದಲ್ಲಿ, ಬರಿಯ ಅಕ್ಷರಗಳ ಪರದೆಯನ್ನು ವೇಗವಾಗಿ ಸರಿಸಲು ಹಳೆಯ ಗ್ರಾಫಿಕ್ಸ್ ಕಾರ್ಡುಗಳ ನೆರವು ಪಡೆಯುವ ಕೋಡನ್ನು ಯಾರಿಗೂ ಬೇಡವೆಂದು ತೆಗೆದಿದ್ದರು. ಹಳೆಯ ಯಂತ್ರಗಳಲ್ಲಿ ಪರದೆ ಕುಂಟತೊಡಗಿತು. ಎಚ್‌ಪಿಯ ಪಿಎ-ರಿಸ್ಕ್ ಯಂತ್ರಗಳನ್ನು ನೋಡಿಕೊಳ್ಳುವ ಹೆಲ್ಗ ಡೆಲ್ಲರ್ 2022ರಲ್ಲಿ ಆ ಇಡೀ ವಿಭಾಗದ ಹೊಣೆಯನ್ನೇ ಹೊತ್ತುಕೊಂಡು ಕೋಡನ್ನು ಮರಳಿ ತಂದರು. ಗಿಟ್ ಎಂಬ ದಾಖಲೆ ವ್ಯವಸ್ಥೆಯಲ್ಲಿ ಅಳಿಸಿದ ಪ್ರತಿ ಸಾಲೂ ಇರುತ್ತದೆ. ಆದರೆ ಅದನ್ನು ಬೇಗ ಎತ್ತಿಕೊಳ್ಳಬೇಕು. ಹತ್ತು ವರ್ಷ ಕಳೆದರೆ ಸುತ್ತಲಿನ ಕರ್ನಲ್ಲೇ ಬದಲಾಗಿ ಹಳೆಯ ತುಂಡು ಎಲ್ಲೂ ಕೂರದಂತಾಗುತ್ತದೆ.

ಇರಲಿ ಬಿಡಿ, ಯಾರೂ ಬಳಸದಿದ್ದರೂ ಮೂಲೆಯಲ್ಲಿ ಬಿದ್ದಿರಲಿ ಎನ್ನುವವರಿಗೆ ಭದ್ರತೆಯ ಉತ್ತರವಿದೆ. ಡಿಸಿಸಿಪಿ ಎಂಬ ನೆಟ್‌ವರ್ಕ್ ಪ್ರೊಟೊಕಾಲ್ 2005ರಲ್ಲಿ ಕರ್ನಲ್‌ಗೆ ಬಂತು, ಬಳಕೆಗೆ ಬರಲೇ ಇಲ್ಲ. ಅದರೊಳಗೆ ಅಡಗಿದ್ದ ಒಂದು ದೋಷ ಬೆಳಕಿಗೆ ಬಂದದ್ದು 2017ರಲ್ಲಿ. ಸಾಮಾನ್ಯ ಖಾತೆಯಿರುವ ಯಾರೇ ಆದರೂ ಆ ದೋಷ ಹಿಡಿದು ಇಡೀ ಯಂತ್ರದ ಒಡೆತನ ಪಡೆಯಬಹುದಿತ್ತು. ಹನ್ನೊಂದು ವರ್ಷ ಯಾರೂ ಗಮನಿಸದಿರಲು ಕಾರಣ ಯಾರೂ ಅದನ್ನು ಬಳಸದಿದ್ದದ್ದೇ. ಕೊನೆಗೆ 2025ರಲ್ಲಿ ಡಿಸಿಸಿಪಿಯನ್ನು ಕರ್ನಲ್‌ನಿಂದ ತೆಗೆದರು. ಲಿನಕ್ಸ್‌ನ ಹೊರಗೂ ಇದೇ ಪಾಡು. 2015ರಲ್ಲಿ ವೆನಮ್ ಎಂದು ಹೆಸರಾದ ದೋಷ ಇದ್ದದ್ದು ಕೆಮು ಎಂಬ ತಂತ್ರಾಂಶ ಅನುಕರಿಸುವ ಫ್ಲಾಪಿ ನಿಯಂತ್ರಕದಲ್ಲಿ. ಫ್ಲಾಪಿಯನ್ನು ಕಣ್ಣಲ್ಲೂ ಕಾಣದ ಕ್ಲೌಡ್ ಸರ್ವರ್‌ಗಳು ಆ ಕಾರಣಕ್ಕೆ ಅಪಾಯದಲ್ಲಿದ್ದವು. 2025ರ ಅಕ್ಟೋಬರ್‌ನಲ್ಲಿ ಮೈಕ್ರೊಸಾಫ್ಟ್ ವಿಂಡೋಸ್‌ನಿಂದ ಅಗೆರೆ ಎಂಬ ಡಯಲ್-ಅಪ್ ಮೋಡೆಮ್‌ನ ಡ್ರೈವರನ್ನೇ ಕಿತ್ತುಹಾಕಿತು. ಮೋಡೆಮ್ ಇಲ್ಲದ ಯಂತ್ರಗಳಲ್ಲೂ ಅದು ಕೂತಿತ್ತು, ದಾಳಿಕೋರರು ಅದನ್ನು ಬಳಸಲು ಶುರುಮಾಡಿದ್ದರು.

ನಮ್ಮಂಥ ದೇಶದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ನಮ್ಮಲ್ಲಿ ಯಂತ್ರವನ್ನು ಬೇಗ ಎಸೆಯುವುದಿಲ್ಲ. ಪಟ್ಟಣದಲ್ಲಿ ಹಳತಾದದ್ದು ಊರಿನ ಶಾಲೆಗೆ, ಅಲ್ಲಿಂದ ಇನ್ನೊಬ್ಬರ ಮನೆಗೆ ಹೋಗುತ್ತದೆ. ಕರ್ನಲ್ ಹಳೆಯದನ್ನು ಕೈಬಿಟ್ಟರೆ ಅದು ನಮಗೇ ಪೆಟ್ಟಲ್ಲವೇ? 386, 486ರ ಮಟ್ಟಿಗೆ ಹಾಗೆ ಅನ್ನಿಸುವುದಿಲ್ಲ. ಇಂದು ಹಳೆಯ ಕಂಪ್ಯೂಟರ್ ಎಂದು ನಮ್ಮಲ್ಲಿ ಕೈಬದಲಾಗುವುದು ಬಹುತೇಕ 64 ಬಿಟ್ ಯಂತ್ರಗಳು. 2003ರಲ್ಲಿ ಬಂದ ಎಎಮ್‌ಡಿಯ ಮೊದಲ 64 ಬಿಟ್ ಚಿಪ್‌ನಲ್ಲೂ ಇಂದಿನ ಕರ್ನಲ್ ಓಡಬಲ್ಲದು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತು, ವಿಂಡೋಸ್ 11 ತಮ್ಮನ್ನು ಒಪ್ಪದೆ ನಡುನೀರಿನಲ್ಲಿ ನಿಂತ ಲಕ್ಷಾಂತರ ಕಂಪ್ಯೂಟರುಗಳಿಗೆ ಲಿನಕ್ಸ್ ಆಸರೆಯಾಗಬಲ್ಲದ್ದು ಈ ಕಾರಣಕ್ಕೆ.

ಬಳಕೆದಾರರಿಗೆ ಬಿಸಿ ಮುಟ್ಟಿಸುವುದು ಹೆಚ್ಚಾಗಿ ಕರ್ನಲ್ ಅಲ್ಲ, ಅದನ್ನು ಕಟ್ಟಿ ಹಂಚುವ ಡಿಸ್ಟ್ರಿಬ್ಯೂಷನ್‌ಗಳು. ಡೆಬಿಯನ್ 2017ರಲ್ಲೇ ಹಳೆಯ ಪೆಂಟಿಯಮ್‌ಗಳನ್ನು ಬಿಟ್ಟಿತು, 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗಳಿಗೆ ಕರ್ನಲ್ಲನ್ನೂ ಕೊಡಲಿಲ್ಲ, ಇನ್‌ಸ್ಟಾಲರನ್ನೂ ಕೊಡಲಿಲ್ಲ. ರೆಡ್ ಹ್ಯಾಟ್‌ನ 10ನೇ ಆವೃತ್ತಿ 64 ಬಿಟ್ ಯಂತ್ರಗಳಲ್ಲೂ ಹಳೆಯವನ್ನು ಹೊರಗಿಟ್ಟಿತು. ಇಂಗೊ ಮೋಲ್ನಾರ್ 2025ರ ಏಪ್ರಿಲ್‌ನಲ್ಲಿ 486ನ್ನು ಕರ್ನಲ್‌ನಿಂದ ತೆಗೆಯುವ ಪ್ಯಾಚ್‌ಗಳನ್ನು ಮುಂದಿಟ್ಟಾಗ ಆ ಚಿಪ್‌ನಲ್ಲಿ ಓಡುವ ದೊಡ್ಡ ಡಿಸ್ಟ್ರಿಬ್ಯೂಷನ್ ಯಾವುದೂ ಉಳಿದಿರಲಿಲ್ಲ. ಆ ಪ್ಯಾಚ್‌ಗಳಲ್ಲಿ ಸುಮಾರು 14 ಸಾವಿರ ಸಾಲುಗಳು ಹೋಗುವಂತಿದ್ದವು. ಅವುಗಳಲ್ಲಿ ಹೆಚ್ಚಿನವು 486ಎಸ್‌ಎಕ್ಸ್‌ನಂಥ ಚಿಪ್‌ಗಳಲ್ಲಿ ಇಲ್ಲದ ದಶಮಾಂಶ ಗಣಿತದ ಘಟಕವನ್ನು ತಂತ್ರಾಂಶದಲ್ಲೇ ಅನುಕರಿಸುವ ಸಾಲುಗಳು. ಒಂದು ಕಾಲದಲ್ಲಿ ಕಡಿಮೆ ದುಡ್ಡಿನ ಕಂಪ್ಯೂಟರ್ ಕೊಂಡವರಿಗೆ ಲಿನಕ್ಸನ್ನು ಸಾಧ್ಯವಾಗಿಸಿದ ಕೋಡು ಅದು. ಅದಕ್ಕೆ ಗೌರವ ಸಲ್ಲಲೇಬೇಕು.

ಹೊರಬಿದ್ದ ಯಂತ್ರ ಆ ದಿನವೇ ಬೀದಿಗೆ ಬೀಳುವುದಿಲ್ಲ ಎಂಬುದನ್ನೂ ಹೇಳಬೇಕು. 386 ಇದ್ದ 3.2ನೇ ಆವೃತ್ತಿಗೆ ಬೆನ್ ಹಚಿಂಗ್ಸ್ 2018ರವರೆಗೂ ಭದ್ರತಾ ತಿದ್ದುಪಡಿಗಳನ್ನು ಹೊರಡಿಸುತ್ತಿದ್ದರು. 386ರ ಮಾಲೀಕರಿಗೆ ಹೆಚ್ಚುವರಿಯಾಗಿ ಐದು ವರ್ಷ ಸಿಕ್ಕಿತು. ವಿದ್ಯುತ್ ಸ್ಥಾವರ, ರೈಲ್ವೆ ಸಿಗ್ನಲ್‌ಗಳಂಥ ಕಡೆ ಅಷ್ಟೂ ಸಾಲದು. ಅದಕ್ಕೆಂದೇ ಸೀಮನ್ಸ್, ತೋಷಿಬಾ, ಹಿಟಾಚಿ ಕಂಪನಿಗಳು ಸೇರಿ 2016ರಲ್ಲಿ ಶುರುಮಾಡಿದ ಯೋಜನೆಯೊಂದು ಆಯ್ದ ಕರ್ನಲ್ ಆವೃತ್ತಿಗಳನ್ನು ಹತ್ತು ವರ್ಷ ಕಾಪಾಡುತ್ತದೆ. ಕೆಲವರು ಇಟೇನಿಯಮ್ ಕೋಡನ್ನು ಕರ್ನಲ್‌ನ ಹೊರಗೆ ತಾವೇ ಇಟ್ಟುಕೊಂಡು ಮುಂದುವರಿಸಿದ್ದಾರೆ. ಯಾರ ಅನುಮತಿಯೂ ಬೇಕಿಲ್ಲ, ಕೋಡು ಮುಕ್ತವಾಗಿದೆ. ಒಂದು ಕಂಪನಿಯ ಮುಚ್ಚಿದ ತಂತ್ರಾಂಶ ನಿಂತುಹೋದಾಗ ಗ್ರಾಹಕನಿಗೆ ಈ ದಾರಿ ಇರುವುದಿಲ್ಲ.

ಮುಂದಿನ ಸರದಿ 32 ಬಿಟ್ ಯಂತ್ರಗಳದ್ದು, ಅದು ಈವರೆಗಿನ ಎಲ್ಲಕ್ಕಿಂತ ದೊಡ್ಡದು. 32 ಬಿಟ್ ಪಿಸಿಯಲ್ಲಿ ಕರ್ನಲ್ ನೇರವಾಗಿ ಕೈಚಾಚಬಲ್ಲದ್ದು ಸುಮಾರು 896 ಎಂಬಿ ಮೆಮೊರಿಗೆ. ಅದಕ್ಕಿಂತ ಹೆಚ್ಚಿದ್ದರೆ 'ಹೈಮೆಮ್' ಎಂಬ ಏರ್ಪಾಡಿನ ಮೂಲಕ ತುಂಡು ತುಂಡಾಗಿ ಎಳೆದುಕೊಳ್ಳಬೇಕು. ಮೆಮೊರಿ ವಿಭಾಗದವರಿಗೆ ಅದೊಂದು ನಿತ್ಯದ ಕಿರಿಕಿರಿ. ಆದರೆ 32 ಬಿಟ್ ಆರ್ಮ್ ಚಿಪ್‌ಗಳನ್ನು ಹಾಕಿದ ಉಪಕರಣಗಳು ಇಂದಿಗೂ ಹೊಸದಾಗಿ ಮಾರಾಟವಾಗುತ್ತಿವೆ. ಅವುಗಳಲ್ಲಿ ಕೆಲವು 2038ರಲ್ಲೂ ಯಾವುದೋ ಗೋಡೆಯ ಮೇಲೆ, ಯಾವುದೋ ಯಂತ್ರದೊಳಗೆ ಓಡುತ್ತಿರುತ್ತವೆ. ಹೈಮೆಮ್ ತೆಗೆಯಬೇಕೋ, ಯಾವಾಗ ತೆಗೆಯಬೇಕೋ ಎಂಬ ಚರ್ಚೆಯನ್ನು 2025ರಲ್ಲಿ ಮತ್ತೆ ಮುಂದಕ್ಕೆ ತಂದವರು ಆರ್ನ್ಡ್ ಬರ್ಗ್‌ಮನ್. ಯಾವ ಯಂತ್ರಗಳಿಗೆ ಇನ್ನೂ ಅದು ಬೇಕು ಎಂಬುದೇ ಅಲ್ಲಿನ ಮೊದಲ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಕೊಡಲು ಪ್ರೋಗ್ರಾಮರ್ ಆಗಿರಬೇಕಿಲ್ಲ. ಪ್ರತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಕರ್ನಲ್‌ನ ಹೊಸ ಆವೃತ್ತಿ ಬರುತ್ತದೆ. ಅದಕ್ಕೂ ಮುಂಚೆ ಪರೀಕ್ಷೆಗೆಂದು ವಾರಕ್ಕೊಂದರಂತೆ ಕರಡು ಬಿಡುತ್ತಾರೆ. ಹಳೆಯ ಯಂತ್ರವಿದ್ದವರು ಆ ಕರಡನ್ನು ಹಾಕಿ, ಬೂಟ್ ಆಯಿತೋ ಇಲ್ಲವೋ, ನೆಟ್‌ವರ್ಕ್ ಸಿಕ್ಕಿತೋ ಇಲ್ಲವೋ ನೋಡಿ, ಸಂಬಂಧಪಟ್ಟ ಉಸ್ತುವಾರಿಗೆ ನಾಲ್ಕು ಸಾಲು ಬರೆದು ತಿಳಿಸಬಹುದು. ಒಂದು ನಿರ್ದಿಷ್ಟ ಪ್ಯಾಚನ್ನು ಓಡಿಸಿ ಸರಿಯಿದೆ ಎಂದು ಹೇಳಿದವರ ಹೆಸರು 'ಟೆಸ್ಟೆಡ್-ಬೈ' ಎಂಬ ಸಾಲಿನಲ್ಲಿ, ಕೋಡು ಬರೆದವರ ಹೆಸರಿನ ಪಕ್ಕದಲ್ಲೇ, ಕರ್ನಲ್‌ನ ಇತಿಹಾಸಕ್ಕೆ ಸೇರುತ್ತದೆ.